ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ

ಮಾನ್ಯ ಗ್ರಾಹಕರೇ,

ನಮ್ಮ ಉತ್ಪನ್ನವನ್ನು ಆರಿಸಿಕೊಂಡದ್ದಕ್ಕಾಗಿ ಅಭಿನಂದನೆಗಳು. ಆರಿಸಿಕೊಂಡಿರಿ ಎನ್ನುವುದು ಕೈಪಿಡಿಗಳ ವಾಡಿಕೆಯ ಮಾತು, ನೀವೇನೂ ಆರಿಸಿಕೊಂಡಿಲ್ಲ. ದಸರೆಯ ಹೊತ್ತಿಗೆ ಹುಟ್ಟಬೇಕಿದ್ದ ಮಗು ಶ್ರಾವಣ ಕಾಲಿಡುವ ಮೊದಲೇ ಹುಟ್ಟಿದೆ. ತೂಕ ಒಂದು ಕೆಜಿ. ಬಾಣಂತಿ ಬಿಪಿ ಇಳಿಯದೆ ಇನ್ನೊಂದು ಮಹಡಿಯಲ್ಲಿ ಮಲಗಿದ್ದಾಳೆ. ಶಿಶು ಘಟಕದ ಬಾಗಿಲನ್ನು ಅರ್ಧ ತೆರೆದ ಸಿಸ್ಟರ್, "ತಾಯಿ ಹಾಲು ಸಾಕಷ್ಟು ಬರೋವರೆಗೆ ಬ್ಯಾಂಕಿನ ಹಾಲು ಕೊಡ್ತೀವಿ, ಇಲ್ಲೊಂದು ಸೈನ್ ಮಾಡಿ" ಎಂದಿದ್ದಾರೆ. ನೀವು ಮಾಡಿದ್ದೀರಿ. "ಬ್ಯಾಂಕು ಅಂದ್ಮೇಲೆ ವಾಪಸ್ ಕಟ್ಟಬೇಕೇನ್ರೀ?" ಎಂದು ಕೇಳಿದ ಮಾವನವರಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಕಟ್ಟಬೇಕಿಲ್ಲ. ಮುಂದೆ ಸೊಸೆಗೆ ಹಾಲು ಮಿಕ್ಕರೆ ಕಟ್ಟಬಹುದು, ಬಡ್ಡಿ ಇಲ್ಲ.

ಮಾದರಿ ಹೊಸದೇನಲ್ಲ. ವಿಯೆನ್ನಾದಲ್ಲಿ 1909ರಲ್ಲೇ ಎದೆಹಾಲಿನ ಬ್ಯಾಂಕು ಇತ್ತು. ಏಷ್ಯಾದ ಮೊದಲನೆಯದನ್ನು ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ತೆರೆದರು. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ 'ಅಮೃತಧಾರೆ' ಬಂದದ್ದು 2022ರಲ್ಲಿ. ಇಷ್ಟು ಹಳೆಯ ಉತ್ಪನ್ನಕ್ಕೆ ಇಷ್ಟು ದಿನ ಕೈಪಿಡಿ ಇರಲಿಲ್ಲವೇ ಎಂದರೆ, ಇತ್ತು; ಎಲ್ಲವೂ ಡಾಕ್ಟರುಗಳಿಗೆ ಅರ್ಥವಾಗುವ ಭಾಷೆಯಲ್ಲಿದ್ದವು. ಇದು ಉಳಿದವರಿಗೆ. ಅಂದರೆ ಅಜ್ಜಿಗೆ, ಮಾವನಿಗೆ, ಟೇಪು ಕತ್ತರಿಸಲು ಬರುವ ಗಣ್ಯರಿಗೆ, ಮತ್ತು ಖರೀದಿ ವಿಭಾಗದ ಗುಮಾಸ್ತರಿಗೆ. ಕೊನೆಯವರು ದಯವಿಟ್ಟು ಕೊನೆಯ ಪುಟವನ್ನಾದರೂ ಓದಬೇಕು.

ಪೆಟ್ಟಿಗೆಯೊಳಗೆ ಏನೇನಿದೆ

ಒಂದು ಪುಟ್ಟ ಬಾಟಲಿ. ಮೇಲೊಂದು ಚೀಟಿ: ಬ್ಯಾಚ್ ನಂಬರು, ಪಾಶ್ಚರೀಕರಿಸಿದ ದಿನ, ಎಂದಿನೊಳಗೆ ಬಳಸಬೇಕು ಎಂಬ ದಿನ. ದಾನಿಯ ಹೆಸರಿರುವುದಿಲ್ಲ. ಅವರು ಯಾವ ಪೈಕಿ, ಮನೆಯಲ್ಲಿ ಮೊಟ್ಟೆ ತಿನ್ನುತ್ತಾರೋ ಇಲ್ಲವೋ ಎಂಬ ವಿವರವೂ ಇರುವುದಿಲ್ಲ. ಗಾಜಿನ ಕಿಟಕಿಯ ಈಚೆ ನಿಂತು ಅದನ್ನೇ ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅವರಿಗಾಗಿ ಈ ಕೈಪಿಡಿಯಲ್ಲಿ ಪ್ರತ್ಯೇಕ ಅಧ್ಯಾಯ ಮಾಡಿಲ್ಲ.

ಹಾಲು ತೆಳ್ಳಗಿದೆ, ಬಿಳುಪಿನಲ್ಲಿ ಕೊಂಚ ನೀಲಿ. "ಇದೇನ್ ಸಿಸ್ಟರ್, ನೀರು ಬೆರೆಸಿದಂಗಿದೆ!" ಎಂದು ಅಜ್ಜಿ ಅಂದೇ ಅನ್ನುತ್ತಾರೆ. ನೀರನ್ನು ಯಾರೂ ಬೆರೆಸಿಲ್ಲ. ಆದರೆ ಅಜ್ಜಿಯ ಅನುಮಾನವನ್ನು ತಳ್ಳಿಹಾಕುವ ಹಾಗೂ ಇಲ್ಲ.

ದಾನ ಮಾಡುವಷ್ಟು ಹಾಲು ಮಿಗುವುದು ಹೆಚ್ಚಾಗಿ ದಿನ ತುಂಬಿ ಹೆತ್ತ, ಮಗುವಿಗೆ ಕೆಲವು ತಿಂಗಳಾದ ತಾಯಂದಿರಿಗೆ. ಹೆರಿಗೆಯಾಗಿ ವಾರಗಳು ಉರುಳಿದಂತೆ ಹಾಲಿನ ಪ್ರೋಟೀನು ಇಳಿಯುತ್ತ ಬರುತ್ತದೆ, ಜಿಂಕ್ ಕೂಡ. ಹಾಗಾಗಿ ಬಾಟಲಿಯಲ್ಲಿರುವ ಹಾಲಿನ ಪ್ರೋಟೀನು 100 ಮಿಲಿಲೀಟರಿಗೆ ಸುಮಾರು 0.9 ಗ್ರಾಂ, ಶಕ್ತಿ 60 ಕಿಲೋ ಕ್ಯಾಲರಿಯ ಆಸುಪಾಸು. ಕತ್ತು ನಿಂತ, ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಆರು ಕೆಜಿಯ ಮಗುವಿಗೆ ಅದು ಸರಿಯಾದ ಅಳತೆ. ಹಾಲು ತಯಾರಾದದ್ದೂ ಅದಕ್ಕಾಗಿಯೇ. ನಿಮ್ಮದು ಒಂದು ಕೆಜಿಯ ಮಗು. ಮೂಳೆಗೆ ಬೇಕಾದ ಸುಣ್ಣ ರಂಜಕದ ಬಹುಪಾಲನ್ನು ಅದು ಹೊಟ್ಟೆಯೊಳಗಿದ್ದೇ ಕೊನೆಯ ಮೂರು ತಿಂಗಳಲ್ಲಿ ತುಂಬಿಕೊಳ್ಳಬೇಕಿತ್ತು. ಆ ಕಂತು ಬರುವ ಮೊದಲೇ ಮನೆ ಖಾಲಿ ಮಾಡಿಕೊಂಡು ಬಂದಿದೆ.

ಲೆಕ್ಕ ಹಾಕಿ. ಇಂಥ ಮಗುವಿಗೆ ದಿನಕ್ಕೆ ಸುಮಾರು 160 ಮಿಲಿ ಹಾಲು, ಎರಡು ಗಂಟೆಗೊಮ್ಮೆ ಎಂದರೆ ಸರ್ತಿಗೆ 13 ಮಿಲಿ. ಅಷ್ಟರಲ್ಲಿ ಸಿಗುವ ಪ್ರೋಟೀನು 1.4 ಗ್ರಾಂ. ಬೇಕಾದದ್ದು 3.5ರಿಂದ 4 ಗ್ರಾಂ. ಶಕ್ತಿಯಲ್ಲೂ ಖೋತಾ: ಸಿಗುವುದು ನೂರರ ಆಜೂಬಾಜು, ಬೇಕಾದದ್ದು 115ರಿಂದ 140 ಕಿಲೋ ಕ್ಯಾಲರಿ.

"ಹಂಗಾದ್ರೆ ಇನ್ನೂ ಒಂದಿಷ್ಟು ಜಾಸ್ತಿ ಕುಡಿಸಿ" ಎನ್ನುತ್ತಾರೆ ಮಾವನವರು. ಆಗಲಿ. ಬರೀ ಈ ಹಾಲಿನಿಂದ 3.5 ಗ್ರಾಂ ತಲುಪಿಸಲು ದಿನಕ್ಕೆ 390 ಮಿಲಿ ಬೇಕು. ಮಾವನವರ ತೂಕ ಅರವತ್ತು ಕೆಜಿ ಎಂದಿಟ್ಟುಕೊಂಡರೆ, ಅವರು ದಿನವೊಂದಕ್ಕೆ 23 ಲೀಟರು ಹಾಲು ಕುಡಿದ ಹಾಗೆ. ಮೊದಲು ಅವರು ಕುಡಿದು ತೋರಿಸಲಿ.

ಸುರಕ್ಷತಾ ಎಚ್ಚರಿಕೆಗಳು

ಪುರಾಣಗಳ ಪೈಕಿ ದಾನಿ ತಪಾಸಣೆ ತಪ್ಪಿದ ಪ್ರಸಿದ್ಧ ಪ್ರಕರಣ ಪೂತನಿಯದು. ಅಲ್ಲಿ ಮಗು ಸಾಮಾನ್ಯದ್ದಾಗಿರಲಿಲ್ಲವಾದ್ದರಿಂದ ದಾನಿಯೇ ಸತ್ತಳು. ಎಲ್ಲ ಮಕ್ಕಳಿಗೂ ಆ ಅನುಕೂಲ ಇಲ್ಲದ ಕಾರಣ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಆಗದ ಹಾಲನ್ನು ಬ್ಯಾಂಕು ಮುಟ್ಟುವುದಿಲ್ಲ. ತಂಬಾಕು ಹಾಕುವವರ, ಕೆಲವು ಬಗೆಯ ಔಷಧಿ ತೆಗೆದುಕೊಳ್ಳುತ್ತಿರುವವರ ಹಾಲೂ ಬೇಡ.

ಪಕ್ಕದ ಬೀದಿಯ ಯಾರೋ ಫೋನಿನಲ್ಲಿ ತೋರಿಸಿದ ಜಾಹೀರಾತು ನೋಡಿ ದುಡ್ಡು ಕೊಟ್ಟು ಎದೆಹಾಲು ತರಿಸಬೇಡಿ. ಅಮೆರಿಕದಲ್ಲಿ ಇಂಟರ್ನೆಟ್ ಮೂಲಕ ಕೊಂಡ 102 ಮಾದರಿಗಳನ್ನು ಪರೀಕ್ಷಿಸಿದ ಸಂಶೋಧಕರು, ಹತ್ತರಲ್ಲಿ ಬೇಕೆಂದೇ ಹಸುವಿನ ಹಾಲು ಬೆರೆಸಿದಂತಿದೆ ಎಂದು 2015ರಲ್ಲಿ ಬರೆದರು. ಹಾಲಿಗೆ ನೀರು ಹಾಕುವ ನಮ್ಮೂರ ವಿದ್ಯೆ ಅಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ನಮ್ಮ ದೇಶದಲ್ಲಂತೂ ಎದೆಹಾಲಿನ ವ್ಯಾಪಾರಕ್ಕೆ ಅನುಮತಿಯೇ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಅದನ್ನು ಮತ್ತೊಮ್ಮೆ ಬಿಡಿಸಿ ಹೇಳಬೇಕಾಗಿ ಬಂತು. ಬಿಡಿಸಿ ಹೇಳಬೇಕಾಯಿತು ಎಂದರೆ ಮಾರುವವರಿದ್ದರು ಎಂದೇ ಅರ್ಥ.

ಇನ್ನು ಲ್ಯಾಕ್ಟೋಮೀಟರು. ಮನೆಯಲ್ಲಿದೆ ಎಂದು ತರಬೇಡಿ.

ಬೆರಕೆ ಮಾಡುವ ಕ್ರಮ

ಒಬ್ಬೊಬ್ಬ ತಾಯಿಯ ಹಾಲು ಒಂದೊಂದು ತರಹ. ಒಬ್ಬಳದೇ ಹಾಲು ಬೆಳಿಗ್ಗೆ ಒಂದು ತರಹ, ಸಂಜೆ ಇನ್ನೊಂದು. ಹಿಂಡಲು ಶುರುಮಾಡಿದಾಗ ತೆಳು, ಮುಗಿಯುವ ಹೊತ್ತಿಗೆ ಜಿಡ್ಡು. ಹೀಗಾಗಿ ಕೆಲವು ತಾಯಂದಿರ ಹಾಲನ್ನು ಒಂದೇ ಪಾತ್ರೆಗೆ ಸುರಿದು ಏರುತಗ್ಗು ಸರಿ ಮಾಡುವ ಪದ್ಧತಿಯುಂಟು. ಆರು ಕೃತ್ತಿಕೆಯರ ಹಾಲು ಕುಡಿದ ಷಣ್ಮುಖ ಈ ವಿಧಾನವನ್ನು ಒಪ್ಪದೆ, ದಾನಿಗೊಂದರಂತೆ ಮುಖ ಮಾಡಿಕೊಂಡ. ನಿಮ್ಮ ಮಗುವಿಗೆ ಇರುವುದು ಒಂದೇ ಮುಖ, ಅದರ ಅರ್ಧವೂ ಟೇಪಿನಡಿ. ಆದ್ದರಿಂದ ಬೆರಕೆ.

ಬೆರಕೆಯಿಂದ ಏನಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿಯಿರಿ: ತೀರಾ ಸಪ್ಪೆ ಬಾಟಲಿ ನಿಮ್ಮ ಪಾಲಿಗೆ ಬರುವುದು ತಪ್ಪುತ್ತದೆ, ಅಷ್ಟೇ. ಆರು ಜನರ 0.9 ಬೆರೆತರೆ ಬರುವುದು 0.9. ಗುಣ ಹೆಚ್ಚಬೇಕಾದರೆ ಯಾವ ಹಾಲು ಯಾವುದರ ಜೊತೆ ಎಂದು ಆರಿಸಿ ಬೆರೆಸಬೇಕು. ಹಾಲಿನ ಒಂದು ಹನಿಯಲ್ಲಿ ಪ್ರೋಟೀನೆಷ್ಟು ಕೊಬ್ಬೆಷ್ಟು ಎಂದು ಅವಗೆಂಪು ಬೆಳಕು ಹಾಯಿಸಿ ಹೇಳುವ ಯಂತ್ರಗಳು ಇದಕ್ಕಾಗಿ ಬಂದಿವೆ. ಯಂತ್ರ ಇಲ್ಲದವರು ಗಾಬರಿಯಾಗಬೇಕಿಲ್ಲ. ಕೂದಲೆಳೆಯಂಥ ಗಾಜಿನ ಕೊಳವೆಗೆ ಹಾಲು ತುಂಬಿ, ಗಿರ್ರನೆ ತಿರುಗಿಸಿ, ಮೇಲೆ ನಿಂತ ಕೆನೆಯ ಉದ್ದ ಅಳೆಯುವ ಉಪಾಯ 1978ರಿಂದಲೂ ಇದೆ. ಅದೂ ಆಗದಿದ್ದರೆ ಇನ್ನೊಂದು ದಾರಿ: ದಿನ ತುಂಬದೆ ಹೆತ್ತವರ ಹಾಲನ್ನೂ, ಹೆತ್ತು ಕೆಲವೇ ದಿನವಾದವರ ಹಾಲನ್ನೂ ಬೇರೆಯಾಗಿಟ್ಟು, ಅತಿ ಚಿಕ್ಕ ಮಕ್ಕಳಿಗೆಂದು ಎತ್ತಿಡುವುದು. ಈ ಹಾಲಿನಲ್ಲಿ ಪ್ರೋಟೀನು ಹೆಚ್ಚು. ವಾರ್ಡಿನಲ್ಲಿ ಇನ್ನೂ ಮಲಗಿರುವ ಬಾಣಂತಿಯರಿಂದಲೇ ಹಾಲು ಸಂಗ್ರಹಿಸುವ ಸರ್ಕಾರಿ ಆಸ್ಪತ್ರೆಗಳಿಗೆ ಈ ಅನುಕೂಲ ಕೈಯಳತೆಯಲ್ಲೇ ಇದೆ. ಬೇಕಾದ ಸಾಮಗ್ರಿ: ಒಂದು ಮಾರ್ಕರ್ ಪೆನ್ನು, ಫ್ರೀಜರಿನಲ್ಲಿ ಒಂದು ಬೇರೆ ತಟ್ಟೆ.

ಮುಸ್ಲಿಂ ಕುಟುಂಬಗಳು ಇಲ್ಲೊಂದು ಪ್ರಶ್ನೆ ಕೇಳಬಹುದು. ಒಬ್ಬಳ ಹಾಲು ಕುಡಿದ ಮಕ್ಕಳನ್ನು ಒಡಹುಟ್ಟಿದವರೆಂದೇ ಎಣಿಸುವ, ಅವರ ನಡುವೆ ಮುಂದೆ ಮದುವೆ ಕೂಡದೆನ್ನುವ ನಿಯಮ ಅವರಲ್ಲಿದೆ. ಬೆರಕೆಯ ಹಾಲಿನಲ್ಲಿ ಯಾರು ಯಾರಿಗೆ ಏನಾದರು ಎಂದು ಹೇಳುವುದು ಹೇಗೆ? ಈ ಬಗ್ಗೆ ಧರ್ಮಪಂಡಿತರಲ್ಲೇ ಎರಡು ಅಭಿಪ್ರಾಯವಿದೆ. ಕೇಳಿದವರಿಗೆ ಕೂತು ವಿವರಿಸಿ, ಬೇಕೆಂದರೆ ಒಬ್ಬಳೇ ದಾನಿಯ ಹಾಲನ್ನು ಗುರುತಿಟ್ಟು ಕೊಡಿ. ಸಂದೇಹ ಕೇಳಿದ್ದಕ್ಕೆ ಮುಖ ಸಿಂಡರಿಸುವುದು ಯಾವ ಕೈಪಿಡಿಯಲ್ಲೂ ಇಲ್ಲ.

ಕಾಯಿಸುವ ಕ್ರಮ

ನಮ್ಮ ಮನೆಗಳಲ್ಲಿ ಹಾಲು ಎಂದರೆ ಉಕ್ಕಬೇಕು. ಗೃಹಪ್ರವೇಶದ ದಿನ ಉಕ್ಕದಿದ್ದರೆ ಅಪಶಕುನ. ಇಲ್ಲಿ ಉಕ್ಕಿದರೆ ಅಪಶಕುನ. 62.5 ಡಿಗ್ರಿಗೆ ಏರಿಸಿ, 30 ನಿಮಿಷ ಅಲ್ಲೇ ನಿಲ್ಲಿಸಿ, ಥಟ್ಟನೆ 4 ಡಿಗ್ರಿಗಿಂತ ಕೆಳಗೆ ಇಳಿಸಬೇಕು. ಆಮೇಲೆ ಕೀಟಾಣು ಬೆಳೆಯುತ್ತದೆಯೇ ಎಂದು ನೋಡಿ, ಬೆಳೆದರೆ ಚೆಲ್ಲಿ, ಇಲ್ಲದಿದ್ದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಡಬೇಕು.

ಎಚ್‌ಐವಿಯೂ ಸಿಎಂವಿ ಎಂಬ ವೈರಸ್ಸೂ ಈ ಶಾಖಕ್ಕೆ ಸಾಯುತ್ತವೆ. ಅವುಗಳ ಜೊತೆ ಒಳ್ಳೆಯವರೂ ಸಾಯುತ್ತಾರೆ. ಸೋಂಕು ತಡೆಯುವ ಲ್ಯಾಕ್ಟೋಫೆರಿನ್ನಿನ ಬಹುಭಾಗ ಹೋಗುತ್ತದೆ, ಕರುಳಿಗೆ ಕಾವಲಿರುವ ಪ್ರತಿಕಾಯಗಳು ಒಂದಿಷ್ಟು ಕಡಿಮೆಯಾಗುತ್ತವೆ, ಜೀವಕೋಶಗಳು ಉಳಿಯುವುದೇ ಇಲ್ಲ. ಪೌಷ್ಟಿಕತೆಯ ದೃಷ್ಟಿಯಿಂದ ದೊಡ್ಡ ನಷ್ಟ ಲೈಪೇಸ್ ಎಂಬ ಕಿಣ್ವದ್ದು. ಎದೆಹಾಲು ತನ್ನ ಕೊಬ್ಬನ್ನು ಜೀರ್ಣಿಸುವ ಕಿಣ್ವವನ್ನು ತಾನೇ ಹೊತ್ತು ತರುತ್ತದೆ, ಯಾಕೆಂದರೆ ಇಷ್ಟು ಚಿಕ್ಕ ಮಗುವಿನ ಹೊಟ್ಟೆಯಲ್ಲಿ ಅದು ಸಾಲದು. ಶಾಖಕ್ಕೆ ಅದು ಪೂರ್ತಿ ನಿಷ್ಕ್ರಿಯ. ಚೀಟಿಯ ಮೇಲೆ ಕೊಬ್ಬು ಎಷ್ಟೇ ಇರಲಿ, ಮಗುವಿಗೆ ಅಷ್ಟೂ ದಕ್ಕುವುದಿಲ್ಲ. ಸಮಾಧಾನದ ಸಂಗತಿ, ಹಾಲಿನಲ್ಲಿರುವ ವಿಶೇಷ ಸಕ್ಕರೆಗಳು ಶಾಖಕ್ಕೆ ಜಗ್ಗುವುದಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅವೇ ಊಟ.

ಹದಿನೈದೇ ಸೆಕೆಂಡು 72 ಡಿಗ್ರಿ ಮುಟ್ಟಿಸಿ ತೆಗೆಯುವುದು, ಶಾಖವೇ ಇಲ್ಲದೆ ಭಾರೀ ಒತ್ತಡ ಹೇರುವುದು, ನೇರಳಾತೀತ ಬೆಳಕು ಹಾಯಿಸುವುದು, ಇಂಥ ಉಪಾಯಗಳಲ್ಲಿ ನಷ್ಟ ಕಡಿಮೆ. ಎಲ್ಲಕ್ಕೂ ಬೇರೆ ಯಂತ್ರ ಬೇಕು. ಯಂತ್ರ ಬೇಡದ ಉಪಾಯವೊಂದಿದೆ: ಮಗುವಿನ ಸ್ವಂತ ತಾಯಿಯ ಕಾಯಿಸದ ಹಾಲು ಎಷ್ಟು ಸಿಗುತ್ತದೋ ಅಷ್ಟು, ಐದೇ ಮಿಲಿ ಆದರೂ ಸರಿ, ದಾನದ ಹಾಲಿಗಿಂತ ಮೊದಲು ಮಗುವಿಗೆ ಹೋಗಲಿ. ಕಾಯಿಸಿ ಕಳೆದ ಕಿಣ್ವ, ಪ್ರತಿಕಾಯ, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲವೂ ಒಂದಿಷ್ಟು ಹಿಂದಿರುಗುತ್ತವೆ.

ಅಲುಗಾಡಿಸುವ ಕ್ರಮ

ಇದು ಸಣ್ಣ ವಿಷಯ ಎಂದು ದಾಟಿ ಹೋಗಬೇಡಿ. ದುಡ್ಡು ಖರ್ಚಿಲ್ಲದೆ ಹಾಲಿನ ಸತ್ವ ಉಳಿಸುವ ಜಾಗ ಇದೇ.

ಎದೆಹಾಲಿನ ಶಕ್ತಿಯಲ್ಲಿ ಅರ್ಧದಷ್ಟು ಇರುವುದು ಕೊಬ್ಬಿನಲ್ಲಿ. ಹೆಪ್ಪುಗಟ್ಟಿಸಿ ಕರಗಿಸಿದ ಹಾಲಿನಲ್ಲಿ ಆ ಕೊಬ್ಬು ಬೇರ್ಪಟ್ಟು ಮೇಲೆ ತೇಲುತ್ತದೆ. ದಾನಿಯ ಬಾಟಲಿಯಿಂದ ದೊಡ್ಡ ಪಾತ್ರೆಗೆ, ಅಲ್ಲಿಂದ ಚಿಕ್ಕ ಬಾಟಲಿಗೆ, ಅಲ್ಲಿಂದ ಸಿರಿಂಜಿಗೆ, ಸಿರಿಂಜಿನಿಂದ ಮೂಗಿನ ಟ್ಯೂಬಿಗೆ, ಹೀಗೆ ಪ್ರತಿ ಸುರಿತಕ್ಕೂ ಒಂದೊಂದು ಪಾಲು ಗೋಡೆಗೆ ಅಂಟಿ ಉಳಿಯುತ್ತದೆ. ತಲೆಗೆ ಎಣ್ಣೆ ಹಚ್ಚುವಾಗ ಮಗುವಿನ ನೆತ್ತಿಗಿಂತ ಅಜ್ಜಿಯ ಅಂಗೈಗೇ ಹೆಚ್ಚು ಹತ್ತುವ ಹಾಗೆ. ಗಂಟೆಗಟ್ಟಲೆ ಪಂಪಿನಲ್ಲಿ ಹನಿಹನಿಯಾಗಿ ಬಿಟ್ಟರೆ ನಷ್ಟ ಇನ್ನೂ ಹೆಚ್ಚು. ಸಿರಿಂಜನ್ನು ಮಲಗಿಸಿಟ್ಟಿರಿ ಎನ್ನಿ, ಮೂತಿಯಿಂದ ಮೊದಲು ಹೋಗುವುದು ನೀರಾದ ಭಾಗ, ಕೆನೆ ಮೇಲ್ಗೋಡೆಗೆ ಅಂಟಿಕೊಂಡು ಕೊನೆಗೆ ಕಸದ ಬುಟ್ಟಿ ಸೇರುತ್ತದೆ.

ಆದ್ದರಿಂದ: ಬಾಟಲಿಯನ್ನು ಮೆಲ್ಲಗೆ ಗಿರಗಿರ ಆಡಿಸಿ, ಕೆನೆ ಬೆರೆಯಲಿ. ನೊರೆ ಬರುವಂತೆ ಕುಲುಕಬೇಡಿ, ಇದು ಫಿಲ್ಟರ್ ಕಾಫಿ ಅಲ್ಲ. ಸುರಿದಾಡುವುದನ್ನು ಕಡಿಮೆ ಮಾಡಿ. ಪಂಪು ಬೇಕೇಬೇಕಾದರೆ ಸಿರಿಂಜಿನ ಮೂತಿ ಮೇಲಿರಲಿ, ಟ್ಯೂಬು ಗಿಡ್ಡವಿರಲಿ. ಪಂಪು ಬೇಡವಾದರೆ ಇನ್ನೂ ಒಳ್ಳೆಯದು: ಸಿರಿಂಜು ಎತ್ತಿ ಹಿಡಿದು ಹದಿನೈದಿಪ್ಪತ್ತು ನಿಮಿಷದಲ್ಲಿ ತಾನಾಗಿ ಇಳಿಯಲು ಬಿಡಿ. ಮಗು ನುಂಗಲು ಕಲಿತ ಮೇಲೆ ಒಳಲೆ ಇದ್ದೇ ಇದೆ. ಶತಮಾನಗಳಿಂದ ಅಟ್ಟದ ಮೇಲಿದ್ದ ಈ ಉಪಕರಣಕ್ಕೆ ಕರೆಂಟು ಬೇಡ, ಸಾಫ್ಟ್‌ವೇರ್ ಅಪ್‌ಡೇಟು ಬೇಡ. ಕುದಿಸಿ ತೊಳೆದರೆ ಸಾಕು.

ಪುಡಿ ಬೆರೆಸುವ ಕ್ರಮ

ಇಲ್ಲಿಯವರೆಗೆ ನೀವು ಇದ್ದದ್ದನ್ನು ಉಳಿಸಿಕೊಂಡಿರಿ. ಇಲ್ಲದ್ದನ್ನು ಸೇರಿಸುವ ಕೆಲಸ ಫೋರ್ಟಿಫೈಯರಿನದು. ಪೊಟ್ಟಣದಲ್ಲಿ ಪ್ರೋಟೀನು, ಸುಣ್ಣ, ರಂಜಕ, ಜೀವಸತ್ವಗಳು. ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ ಇದು ಎಲ್ಲ ಚಿಕ್ಕ ಮಕ್ಕಳಿಗೂ ಅಲ್ಲ. 32 ವಾರಕ್ಕೆ ಮೊದಲು ಹುಟ್ಟಿದವರಿಗೆ ಇಲ್ಲವೇ ಒಂದೂವರೆ ಕೆಜಿಗಿಂತ ಕಡಿಮೆ ಇರುವವರಿಗೆ ಯೋಚಿಸಬಹುದು.

ಇದರ ಪ್ರೋಟೀನು ಬರುವುದು ಸಾಮಾನ್ಯವಾಗಿ ಹಸುವಿನ ಹಾಲಿನಿಂದ. ಅದನ್ನು ಕೇಳಿದ ಕೂಡಲೇ ಅಜ್ಜಿಯ ಎರಡನೇ ಪ್ರಶ್ನೆ: "ಕೊನೆಗೂ ಹಸುವಿನದೇ ಹಾಕೋದಾದ್ರೆ, ಮೊದಲಿಂದ ಅದನ್ನೇ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

ಈ ಪ್ರಶ್ನೆಯನ್ನು ವೈದ್ಯರೂ ಗಂಭೀರವಾಗಿಯೇ ಕೇಳಿಕೊಂಡಿದ್ದಾರೆ. ದಿನ ತುಂಬದ ಮಕ್ಕಳ ಕರುಳು ಇದ್ದಕ್ಕಿದ್ದಂತೆ ಕೊಳೆಯತೊಡಗುವ ಎನ್‌ಇಸಿ ಎಂಬ ಕಾಯಿಲೆಯಿದೆ; ಬಂದರೆ ಬದುಕುವುದು ಕಷ್ಟ. ಬರೀ ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಇದು ಬರೀ ಎದೆಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಎಂದು ಲೂಕಾಸ್ ಮತ್ತು ಕೋಲ್ 1990ರಲ್ಲಿ ಬರೆದರು. ಅಮೆರಿಕದ 483 ಅತಿ ಚಿಕ್ಕ ಮಕ್ಕಳ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಯಿಯ ಹಾಲು ಸಾಲದ ಮಕ್ಕಳಲ್ಲಿ ಕೆಲವರಿಗೆ ದಾನದ ಹಾಲು, ಕೆಲವರಿಗೆ ದಿನ ತುಂಬದವರಿಗೆಂದೇ ಮಾಡಿದ ಡಬ್ಬಿ ಹಾಲು ಕೊಟ್ಟರು. ಎನ್‌ಇಸಿ ದಾನದ ಹಾಲಿನವರಲ್ಲಿ ಶೇ 4.2, ಡಬ್ಬಿ ಹಾಲಿನವರಲ್ಲಿ ಶೇ 9. ಎರಡು ವರ್ಷವಾಗುವ ಹೊತ್ತಿಗೆ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತೂಕ ಬೇಗ ಏರಿದ್ದು ಮಾತ್ರ ಡಬ್ಬಿ ಹಾಲಿನವರದು. ಹೀಗೆ ದಾನದ ಹಾಲು ಕರುಳು ಕಾಯುತ್ತದೆ, ತೂಕ ಕೊಡಲು ಹಿಂದೆಮುಂದೆ ನೋಡುತ್ತದೆ. ಈ ಕೈಪಿಡಿ ಹುಟ್ಟಿದ್ದು ಆ ತಗಾದೆಯಿಂದಲೇ.

ಪೊಟ್ಟಣದ ಲೆಕ್ಕಕ್ಕೆ ಬನ್ನಿ. ಹೇಳಿದ ಅಳತೆಯಲ್ಲಿ ಬೆರೆಸಿದರೆ ಸಾಮಾನ್ಯವಾಗಿ 100 ಮಿಲಿಗೆ ಸುಮಾರು ಒಂದು ಗ್ರಾಂ ಪ್ರೋಟೀನು ಸೇರುತ್ತದೆ. 0.9 ಇದ್ದದ್ದು 1.9 ಆಯಿತು, 160 ಮಿಲಿಗೆ ಮೂರು ಗ್ರಾಂ ಚಿಲ್ಲರೆ. ಇನ್ನೂ ಮೂರೂವರೆ ಮುಟ್ಟಲಿಲ್ಲ! ಪುಡಿಯಲ್ಲಿ ಮೋಸವಿಲ್ಲ. ಪೊಟ್ಟಣದ ಅಳತೆ ಬರೆದವರು ಮನಸ್ಸಿನಲ್ಲಿಟ್ಟುಕೊಂಡದ್ದು ದಿನ ತುಂಬದೆ ಹೆತ್ತ ತಾಯಿಯ ಮೊದಲ ವಾರಗಳ ಹಾಲನ್ನು. ಅದರ ಪ್ರೋಟೀನು ಇದಕ್ಕಿಂತ ಎಷ್ಟೋ ಹೆಚ್ಚು. ನಿಮ್ಮ ಬಾಟಲಿಯಲ್ಲಿರುವುದು ಬೇರೆ ಯಾರದೋ ಮೂರನೇ ತಿಂಗಳ ಹಾಲು. ಪುಡಿ ಹಾಕಿದ್ದೇವಲ್ಲ, ಮಗು ಯಾಕೆ ಬೆಳೆಯುತ್ತಿಲ್ಲ ಎಂದು ಮಗುವಿನತ್ತ ಬೊಟ್ಟು ಮಾಡುವ ಮೊದಲು ಈ ಕಳೆಯುವ ಲೆಕ್ಕ ಮಾಡಿ.

ಹಾಗಾದರೆ ಕೊರತೆ ತುಂಬುವುದು ಹೇಗೆ? ಒಂದು, ವಾರಕ್ಕೆರಡು ಸಲ ಮಗುವಿನ ರಕ್ತದ ಯೂರಿಯಾ ನೋಡುತ್ತ, ಅದು ತೀರಾ ಕೆಳಗಿದ್ದರೆ ಪ್ರೋಟೀನು ಒಂದು ಮೆಟ್ಟಿಲು ಏರಿಸುವುದು, ಮೇಲಿದ್ದರೆ ಇಳಿಸುವುದು. ಎರಡು, ಆ ದಿನದ ಹಾಲನ್ನೇ ಯಂತ್ರದಲ್ಲಿ ಅಳೆದು, ಕಡಿಮೆ ಇರುವಷ್ಟನ್ನೇ ಸೇರಿಸುವುದು. ಮೊದಲನೆಯದಕ್ಕೆ ಬೇಕಾದದ್ದು ಪ್ರಯೋಗಾಲಯ, ಎರಡನೆಯದಕ್ಕೆ ದುಬಾರಿ ಯಂತ್ರ ಮತ್ತು ದಿನಾ ಕೂತು ಅಳೆಯುವ ಒಬ್ಬರು. ನನ್ನನ್ನು ಕೇಳಿದರೆ ಮೊದಲನೆಯದೇ ಸರಿ. ಯಂತ್ರ ಹೇಳುವುದು ಬಾಟಲಿಯಲ್ಲಿ ಏನಿದೆ ಎಂದು, ರಕ್ತ ಹೇಳುವುದು ಮಗುವಿಗೆ ಏನು ದಕ್ಕಿತು ಎಂದು.

"ಹಂಗಾದ್ರೆ ಎರಡು ಪೊಟ್ಟಣ ಹಾಕಿಬಿಡಿ." ಬೇಡ ಮಾವನವರೇ. ಗಟ್ಟಿಯಾದಷ್ಟೂ ಹಾಲು ಕರುಳಿನಿಂದ ನೀರೆಳೆಯುತ್ತದೆ. ಬೆರೆಸಿ ಹಾಗೇ ಇಟ್ಟಷ್ಟು ಹೊತ್ತೂ ಆ ಗುಣ ಏರುತ್ತಲೇ ಇರುತ್ತದೆ. ಪುಡಿ ಪೂರ್ತಿ ಕ್ರಿಮಿರಹಿತವೂ ಅಲ್ಲ. ಕೊಡುವ ಹೊತ್ತಿಗೆ ಬೆರೆಸಿ, ತೊಳೆದ ಕೈಯಲ್ಲಿ ಬೆರೆಸಿ, ಡಾಕ್ಟರು ಬರೆದಷ್ಟೇ ಬೆರೆಸಿ.

ಮನುಷ್ಯರ ಹಾಲಿನಿಂದಲೇ ಮಾಡಿದ ಫೋರ್ಟಿಫೈಯರೂ ಇದೆ, ಅಮೆರಿಕದಲ್ಲಿ ಮಾರಾಟವಾಗುತ್ತದೆ. ಬೆಲೆ ಕೇಳಿದರೆ ಬಿಪಿ ಏರುವ ಸಾಧ್ಯತೆ ಇರುವುದರಿಂದ ಇಲ್ಲಿ ಮುದ್ರಿಸಿಲ್ಲ.

ದಾನಿಯನ್ನೇ ಸುಧಾರಿಸುವ ಕ್ರಮ

ಈ ಅಧ್ಯಾಯವನ್ನು ಬರೆಯಲು ಹಲವು ಮನೆಗಳಿಂದ ಅಜ್ಜಿಯರು ಮುಂದೆ ಬಂದಿದ್ದಾರೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಅಂಟಿನುಂಡೆ, ತುಪ್ಪ. ನೀರು ಕೊಡಬೇಡಿ, ತಲೆಗೆ ಬಟ್ಟೆ ಕಟ್ಟಿ. ಬಾಣಂತಿಗೆ ಯಾರೋ ಮುತುವರ್ಜಿಯಿಂದ ಬಡಿಸುತ್ತಿದ್ದಾರೆ ಎಂಬಷ್ಟಕ್ಕೆ ಈ ಊಟಕ್ಕೆ ನನ್ನ ಪೂರ್ಣ ಬೆಂಬಲವಿದೆ. ನೀರು ಕೊಡದಿರುವುದಕ್ಕೆ ಇಲ್ಲ.

ಆದರೆ ತಾಯಿ ಬೇಳೆ ಜಾಸ್ತಿ ತಿಂದರೆ ಹಾಲಿನ ಪ್ರೋಟೀನು ಏರುವುದಿಲ್ಲ. ಹಾಲಿನ ಪ್ರೋಟೀನು, ಸಕ್ಕರೆ, ಸುಣ್ಣವನ್ನು ದೇಹ ತನ್ನ ಹಟದಲ್ಲೇ ಕಾಯ್ದುಕೊಳ್ಳುತ್ತದೆ, ಬೇಕಾದರೆ ತಾಯಿಯ ಮೂಳೆಯಿಂದ ಕಿತ್ತಾದರೂ. ಊಟಕ್ಕೆ ತಕ್ಕಂತೆ ಬದಲಾಗುವುದು ಬೇರೆ ಕೆಲವು: ಕೊಬ್ಬಿನ ಬಗೆ, ಅದರಲ್ಲೂ ಮೆದುಳಿಗೆ ಬೇಕಾದ ಡಿಎಚ್‌ಎ, ಅಯೋಡಿನ್, ಬಿ12. ಮೀನು ಬೇಯುವ ಕರಾವಳಿ ಮನೆಯ ದಾನಿಗೂ ಮೊಟ್ಟೆಯನ್ನೂ ಮುಟ್ಟದ ಮನೆಯ ದಾನಿಗೂ ಇಲ್ಲಿ ವ್ಯತ್ಯಾಸ ಉಂಟು. ಬೆಂಗಳೂರಿನ ಗರ್ಭಿಣಿಯರಿಗೆ ಹೆರಿಗೆಯ ನಂತರದ ವಾರಗಳವರೆಗೂ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟು ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎದೆಹಾಲಿನ ಬಿ12 ಏರಿತು. ಗುಳಿಗೆಯ ಬೆಲೆ ಅಂಟಿನುಂಡೆಯ ಅಂಟಿಗಿಂತ ಕಡಿಮೆ. ಎರಡನ್ನೂ ಕೊಡಿ.

ದೋಷ ಪರಿಹಾರ

ಕರೆಂಟು ಹೋಗಿದೆ: ಫ್ರೀಜರಿನ ಬಾಗಿಲು ತೆಗೆದು ನೋಡಬೇಡಿ. ನೋಡಿದವರಿಂದಲೇ ಹೆಚ್ಚು ಹಾಲು ಕರಗುವುದು.

ಫ್ರೀಜರಿನಲ್ಲಿ ಹಾಲಿನ ಪಕ್ಕ ಸ್ಟಾಫಿನ ಊಟದ ಡಬ್ಬಿ ಇದೆ: ಕೈಪಿಡಿಯ ವ್ಯಾಪ್ತಿಗೆ ಹೊರತು. ಆಡಳಿತಾಧಿಕಾರಿಯನ್ನು ಸಂಪರ್ಕಿಸಿ.

ಮಗು ದಿನಕ್ಕೆ ಕೆಜಿಗೆ 15ರಿಂದ 20 ಗ್ರಾಂ ಏರುತ್ತಿಲ್ಲ: ಮೊದಲು ಸಿರಿಂಜು ಮಲಗಿದೆಯೇ ನೋಡಿ, ಆಮೇಲೆ ಪೊಟ್ಟಣದ ಲೆಕ್ಕ, ಆಮೇಲೆ ಮಗು ಬೆಚ್ಚಗಿದೆಯೇ. ಚಳಿ ಹಿಡಿದ ಮಗು ತಿಂದದ್ದನ್ನೆಲ್ಲ ಮೈ ಕಾಯಿಸಿಕೊಳ್ಳಲು ಉರಿಸುತ್ತದೆ.

ಬ್ಯಾಂಕಿನಲ್ಲಿ ಹಾಲೇ ಇಲ್ಲ: ಉದ್ಘಾಟನೆಯ ಮರುವಾರದಿಂದ ಸಾಮಾನ್ಯವಾಗಿ ಕಾಣುವ ದೋಷ. ಹಾಲು ಯಂತ್ರದಿಂದ ಬರುತ್ತದೆಂದು ತಿಳಿದವರು ಮಾಡಿದ ವ್ಯವಸ್ಥೆ. ಮುಂದಿನ ಅಧ್ಯಾಯ ಓದಿ.

ಬಿಡಿಭಾಗಗಳು: ಖರೀದಿ ವಿಭಾಗದ ಗಮನಕ್ಕೆ

ಮೊದಲ ಅಧ್ಯಾಯದಿಂದ ಇಲ್ಲಿಯವರೆಗೆ ನಾವು ಮಾಡುತ್ತ ಬಂದದ್ದು ಒಂದೇ ಕೆಲಸ: ಇನ್ಯಾರದೋ ಹಾಲನ್ನು, ಈ ಮಗುವಿನ ತಾಯಿಯ ಹಾಲಿನ ಹತ್ತಿರಕ್ಕೆ ತರಲು ಒದ್ದಾಡುವುದು. ಆ ತಾಯಿ ಎರಡು ಮಹಡಿ ಮೇಲಿದ್ದಾಳೆ. ದಿನ ತುಂಬದೆ ಹೆತ್ತ ಅವಳ ಮೊದಲ ವಾರಗಳ ಹಾಲಿನಲ್ಲಿ ಪ್ರೋಟೀನು ಹೆಚ್ಚಿದೆ, ಲೈಪೇಸು ಜೀವಂತವಿದೆ, ಪ್ರತಿಕಾಯಗಳು ಇದೇ ವಾರ್ಡಿನ ಕೀಟಾಣುಗಳನ್ನು ಎದುರಿಸಲು ತಯಾರಾಗಿವೆ. ಮೊದಲ ದಿನಗಳಲ್ಲಿ ಬರುವ ಹಳದಿ ಗಿಣ್ಣು ಚಮಚದಷ್ಟೇ ಇದ್ದರೂ ಅದೇ ಮಗುವಿನ ಪೂರ್ತಿ ಊಟ. ಹಸು ಕರು ಹಾಕಿದ ಮನೆಯಿಂದ ಗಿಣ್ಣು ಬಂದರೆ ಬೆಲ್ಲ ಏಲಕ್ಕಿ ಹಾಕಿ ಪಾಲಿಗಾಗಿ ಜಗಳವಾಡುವ ನಾವು, ಸೊಸೆಯದನ್ನು ಮಾತ್ರ "ಅದು ಕೆಟ್ಟ ಹಾಲು, ಹಿಂಡಿ ಚೆಲ್ಲಮ್ಮ" ಎನ್ನುತ್ತೇವೆ.

ಹೆರಿಗೆಯಾದ ಕೆಲವೇ ಗಂಟೆಯೊಳಗೆ ಹಿಂಡಲು ಶುರುಮಾಡಿ, ದಿನಕ್ಕೆ ಎಂಟು ಸಲ, ರಾತ್ರಿಯೂ ಬಿಡದೆ ಹಿಂಡಿದರೆ ಹಾಲು ನಿಲ್ಲುತ್ತದೆ, ಏರುತ್ತದೆ. ಮೂರು ದಿನ ಯಾರೂ ಅವಳಿಗೆ ಹೇಳದಿದ್ದರೆ ಬತ್ತುತ್ತದೆ. ಮಗು ಎದೆಗೊರಗಿದ್ದರೆ ಇನ್ನೂ ಚೆನ್ನಾಗಿ ಬರುತ್ತದೆ. ಆ ಕಾಂಗರೂ ವಿಧಾನ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದೇ ಇನ್‌ಕ್ಯುಬೇಟರು ಸಾಲದೆ. 2021ರಲ್ಲಿ ಪ್ರಕಟವಾದ ಐದು ದೇಶಗಳ ಪ್ರಯೋಗದಲ್ಲಿ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು, ಹುಟ್ಟಿದ ಕೂಡಲೇ ಎದೆಗೊರಗಿಸಿಕೊಂಡ ಚಿಕ್ಕ ಮಕ್ಕಳಲ್ಲಿ 28 ದಿನದೊಳಗಿನ ಸಾವು ಶೇ 12. ಸ್ಥಿತಿ ಸುಧಾರಿಸಿದ ಮೇಲೆ ಒರಗಿಸಿಕೊಂಡವರಲ್ಲಿ ಶೇ 15.7. ಅದಕ್ಕಾಗಿ ಅವರು ಮಾಡಿದ ದೊಡ್ಡ ಬದಲಾವಣೆ, ಶಿಶು ಘಟಕದೊಳಗೇ ತಾಯಂದಿರಿಗೆ ಮಂಚ ಹಾಕಿದ್ದು. ಕೇಂದ್ರ ಸರ್ಕಾರದ 2017ರ ಮಾರ್ಗಸೂಚಿಯೂ ಹಾಲಿನ ಕೇಂದ್ರಗಳ ಮೊದಲ ಕೆಲಸ ಹೆತ್ತ ತಾಯಿಗೇ ಹಾಲೂಡಿಸಲು ನೆರವಾಗುವುದು, ದಾನದ್ದು ಆಮೇಲೆ ಎನ್ನುತ್ತದೆ.

ಅವಳು ಕೆಳಗೆ ಬಂದು ಹಾಲು ಹಿಂಡಬೇಕಾದರೆ ಬೇಕಾಗುವ ಬಿಡಿಭಾಗಗಳು: ಬೆನ್ನಿಗೆ ಒರಗುವ, ಕೈ ಊರುವ ಕುರ್ಚಿ. ಒಂದು ಪರದೆ. ಬಿಸಿನೀರು. ಎರಡು ಹೊತ್ತು ಬಿಸಿ ಊಟ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿಯದಂತೆ ಗಾಲಿ ಕುರ್ಚಿ ತಳ್ಳುವ ಒಬ್ಬ ಆಯಾ. ಎಲ್ಲ ಸೇರಿದರೂ ಹಾಲು ಅಳೆಯುವ ಯಂತ್ರದ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಇಂಡೆಂಟು ತುಂಬುವಾಗ ಗಮನಿಸಿ. ಅದರಲ್ಲಿ "ಕುರ್ಚಿ" ಎಂದು ಬರೆಯಬೇಡಿ. ಕುರ್ಚಿ ಪೀಠೋಪಕರಣ ಬಾಬ್ತಿಗೆ ಹೋಗುತ್ತದೆ, ಪೀಠೋಪಕರಣದ ಕಡತ ಲೋಕೋಪಯೋಗಿ ಇಲಾಖೆಗೆ ಹೋಗುತ್ತದೆ, ಅಲ್ಲಿಂದ ಅದು ಬರುವ ಹೊತ್ತಿಗೆ ನಿಮ್ಮ ಮಗು ಶಾಲೆಗೆ ಸೇರಿರುತ್ತದೆ. "ಮಾನವ ಹಾಲು ಪೌಷ್ಟಿಕತಾ ವರ್ಧಕ ಘಟಕ, ಮಡಚಲಾಗದ ಮಾದರಿ, ನಾಲ್ಕು ಕಾಲು, ವಿದ್ಯುತ್ ರಹಿತ" ಎಂದು ಬರೆಯಿರಿ. ಸಂಖ್ಯೆ: ಹನ್ನೆರಡು. ತಯಾರಕರ ಕಾಲಂನಲ್ಲಿ ಪಕ್ಕದ ಬೀದಿಯ ಬಡಗಿಯ ಹೆಸರು ಹಾಕಿ. ತಾಂತ್ರಿಕ ಸಮಿತಿ ಪ್ರಾತ್ಯಕ್ಷಿಕೆ ಕೇಳಿದರೆ, ಅಧ್ಯಕ್ಷರನ್ನೇ ಅದರ ಮೇಲೆ ಕೂರಿಸಿ.